ಕಾವು, ಕಾವಲು, ಕಾಯುವಿಕೆ: ಹಿತ್ತಲ ಕೋಳಿಯ ಚರಿತ್ರೆ

ಕನ್ನಡದಲ್ಲಿ ‘ಕಾಯು’ ಎಂಬ ಕ್ರಿಯಾಪದಕ್ಕೆ ಮೂರು ಅರ್ಥಗಳಿವೆ. ಒಲೆಯ ಮೇಲಿಟ್ಟ ನೀರು ಕಾಯುತ್ತದೆ. ಇಲ್ಲಿ ಅದು ಬಿಸಿಯಾಗುವುದು. ರೈತನು ಹೊಲವನ್ನು ಕಾಯುತ್ತಾನೆ; ಇಲ್ಲಿ ರಕ್ಷಿಸುವುದು. ಊರಿಗೆ ಬರಲಿರುವ ಮಗನಿಗಾಗಿ ತಾಯಿ ಕಾಯುತ್ತಾಳೆ, ಇಲ್ಲಿ ಎದುರುನೋಡುವುದು. ನಾನಾರ್ಥಗಳ ಪಾಠ ಮಾಡುವಾಗ ಈ ಪದವನ್ನು ನಾನು ಎಷ್ಟೋ ಬಾರಿ ಕರಿಹಲಗೆಯ ಮೇಲೆ ಬರೆದಿದ್ದೇನೆ. ಮೂರು ಅರ್ಥಗಳೂ ಒಂದೇ ಜೀವಿಯಲ್ಲಿ ಏಕಕಾಲಕ್ಕೆ ಕೂಡಿಬಂದ ಉದಾಹರಣೆ ಬೇಕೆಂದರೆ ಕಾವು ಕುಳಿತ ಹೇಂಟೆಯನ್ನು ನೋಡಬೇಕು. ಅದು ಮೊಟ್ಟೆಗೆ ಬಿಸಿ ಕೊಡುತ್ತದೆ, ಹತ್ತಿರ ಬಂದವರನ್ನು ಕುಕ್ಕಿ ಓಡಿಸುತ್ತದೆ, ಇಪ್ಪತ್ತೊಂದು ದಿನ ತಾಳ್ಮೆಯಿಂದ ಕುಳಿತಿರುತ್ತದೆ.

ಕೋಳಿ ಸಾಕಣೆಯ ಚರಿತ್ರೆಯೆಂದರೆ ಒಂದರ್ಥದಲ್ಲಿ ಈ ಮೂರು ಕೆಲಸಗಳನ್ನು ಮನುಷ್ಯನು ಬೇರ್ಪಡಿಸಿದ ಚರಿತ್ರೆ. ಕಾವನ್ನು ಯಂತ್ರಕ್ಕೆ ಒಪ್ಪಿಸುವುದರಲ್ಲಿ ಅವನು ಬೇಗ ಯಶಸ್ವಿಯಾದ. ಕಾವಲನ್ನು ಯಾರಿಗೆ ಒಪ್ಪಿಸಬೇಕೆಂಬ ಪ್ರಶ್ನೆಗೆ ಮಾತ್ರ ಇನ್ನೂ ಪೂರ್ಣ ಉತ್ತರ ದೊರೆತಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಊರಿಗೆ ಮರಳಿ, ತೋಟದ ಜೊತೆಗೆ ಹತ್ತಿಪ್ಪತ್ತು ನಾಟಿಕೋಳಿ ಸಾಕುವ ಉತ್ಸಾಹದಲ್ಲಿದ್ದಾರೆ. ಅವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕೋಳಿಯ ಮೂಲದಿಂದ ಆರಂಭಿಸೋಣ. ಸಾಕುಕೋಳಿಯ ಪೂರ್ವಜ ಕೆಂಪು ಕಾಡುಕೋಳಿ. 2020ರಲ್ಲಿ ಪ್ರಕಟವಾದ ವಿಸ್ತಾರವಾದ ವಂಶವಾಹಿ ಅಧ್ಯಯನವೊಂದು, ಮ್ಯಾನ್ಮಾರ್, ಉತ್ತರ ಥಾಯ್ಲೆಂಡ್ ಮತ್ತು ನೈಋತ್ಯ ಚೀನಾ ಸೇರುವ ಪ್ರದೇಶದ ಉಪಜಾತಿಯಿಂದ ಅದು ಬಂದಿತೆಂದು ತೋರಿಸಿತು. 2022ರ ಇನ್ನೊಂದು ಅಧ್ಯಯನವು ಹಳೆಯ ಮೂಳೆಗಳನ್ನು ಮರುಪರಿಶೀಲಿಸಿ, ಖಚಿತವಾಗಿ ಸಾಕುಕೋಳಿಯದೆನ್ನಬಹುದಾದ ಅತ್ಯಂತ ಹಳೆಯ ಅವಶೇಷಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ದೊರೆತಿವೆಯೆಂದೂ ಅವು ಕ್ರಿಸ್ತಪೂರ್ವ 1650ರಿಂದ 1250ರ ನಡುವಿನವೆಂದೂ ಹೇಳಿತು. ಭತ್ತ ಮತ್ತು ಕಿರುಧಾನ್ಯಗಳ ಬೆಳೆಯ ಬಳಿಗೆ ಕಾಳು ಆರಿಸಲು ಬಂದ ಕಾಡುಕೋಳಿಯೇ ಕ್ರಮೇಣ ಮನೆಯ ಕೋಳಿಯಾಯಿತೆಂಬುದು ಆ ವಿದ್ವಾಂಸರ ಅಭಿಪ್ರಾಯ. ಅಂದರೆ ನಾವು ಕೋಳಿಯನ್ನು ಹಿಡಿದು ತಂದೆವೆನ್ನುವುದಕ್ಕಿಂತ ನಮ್ಮ ಕಣದ ಕಾಳು ಅದನ್ನು ಕರೆತಂದಿತೆನ್ನುವುದು ಸರಿ.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಕೋಳಿಯ ಕಾಲು ಮತ್ತು ಚರ್ಮದ ಹಳದಿ ಬಣ್ಣಕ್ಕೆ ಕಾರಣವಾದ ಗುಣವು ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಬೂದು ಕಾಡುಕೋಳಿ ಭಾರತಕ್ಕೆ ಸೀಮಿತವಾದ ಪಕ್ಷಿ. ಇಂದಿಗೂ ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಅದರ ಒಡಕು ಕೂಗು ಕೇಳಿಬರುತ್ತದೆ. ಜಗತ್ತಿನ ಎಲ್ಲೆಡೆ ಇರುವ ಹಳದಿ ಕಾಲಿನ ಕೋಳಿಗಳಲ್ಲಿ ಘಟ್ಟದ ಹಕ್ಕಿಯ ಒಂದಂಶ ಉಳಿದಿದೆ.

ಆದರೆ ನಮ್ಮ ಗ್ರಂಥಗಳಲ್ಲಿ ಹುಂಜಕ್ಕೆ ದೊರೆತ ಸ್ಥಾನ ಹೇಂಟೆಗೆ ದೊರೆಯಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ನಡುವೆ ಹುಂಜದ ಕಾಳಗಕ್ಕೆ ಜಾಗವಿದೆ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಹುಂಜದ ಬಲಿಯೇ ಕಥೆಯ ಮುಖ್ಯ ತಿರುವು. ಕರಾವಳಿಯಲ್ಲಿ ಕೋಳಿಅಂಕವು ದೊಡ್ಡ ಸಂಪ್ರದಾಯವಾಗಿ ಬೆಳೆಯಿತು. ಹೇಂಟೆಯನ್ನು ಕಾವಿಗೆ ಕೂರಿಸುವ ವಿದ್ಯೆಯಾದರೋ ಹೆಂಗಸರ ಕೈಯಲ್ಲಿತ್ತು. ಬಾಯಿಂದ ಬಾಯಿಗೆ, ಅತ್ತೆಯಿಂದ ಸೊಸೆಗೆ ಸಾಗುತ್ತಿತ್ತು. ಅದನ್ನು ಯಾರೂ ಓಲೆಗರಿಯ ಮೇಲೆ ಬರೆದಿಡಲಿಲ್ಲ.

ಆ ವಿದ್ಯೆ ಸಣ್ಣದೇನಲ್ಲ. ಹೇಂಟೆ ದಿನಕ್ಕೊಂದರಂತೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ. ಮೊದಲನೆಯ ಮೊಟ್ಟೆಗೆ ಎರಡು ವಾರ ವಯಸ್ಸಾಗಿದ್ದರೂ ಮರಿಗಳೆಲ್ಲ ಒಂದೇ ದಿನ ಹೊರಬರುತ್ತವೆ. ಕಾವು ಸಿಗುವ ತನಕ ಭ್ರೂಣದ ಬೆಳವಣಿಗೆ ನಿಂತೇ ಇರುವುದು ಇದಕ್ಕೆ ಕಾರಣ. ಮೊಟ್ಟೆಗಳ ಗುಂಪು ಪೂರ್ಣವಾದ ಮೇಲೆ ಹೇಂಟೆಯ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಮೊಟ್ಟೆಯಿಡುವುದು ನಿಲ್ಲುತ್ತದೆ, ಎದೆಯ ಗರಿಗಳು ಉದುರಿ, ರಕ್ತನಾಳಗಳು ತುಂಬಿದ ಬರಿ ಚರ್ಮ ಮೊಟ್ಟೆಗೆ ತಾಗುವಂತಾಗುತ್ತದೆ. ‘ಕೊರ್ ಕೊರ್’ ಎಂಬ ಆ ವಿಶಿಷ್ಟ ದನಿ ಕೇಳಿದೊಡನೆ ಮನೆಯ ಹಿರಿಯಳಿಗೆ ಕೋಳಿ ಕಾವಿಗೆ ಬಂದಿದೆಯೆಂದು ತಿಳಿಯುತ್ತಿತ್ತು.

ದಿನಕ್ಕೆ ಒಂದೆರಡು ಬಾರಿ ಮಾತ್ರ ಅದು ಗೂಡು ಬಿಟ್ಟೆದ್ದು, ಕಾಳು ನೀರು ಮುಗಿಸಿ, ಮಣ್ಣಿನಲ್ಲಿ ಹೊರಳಾಡಿ ಮರಳುತ್ತದೆ. ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಕೊಕ್ಕಿನಿಂದ ಹೊರಳಿಸುತ್ತದೆ. ಹೊರಳಿಸದಿದ್ದರೆ ಭ್ರೂಣವು ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಕೊನೆಯ ದಿನಗಳಲ್ಲಿ ಚಿಪ್ಪಿನೊಳಗಿನಿಂದಲೇ ಮರಿ ಕೀಚುಗುಟ್ಟುತ್ತದೆ, ತಾಯಿ ಉತ್ತರಿಸುತ್ತದೆ. ಹೊರಬರುವ ಮುನ್ನ ಮರಿಯು ಉಳಿದ ಹಳದಿಭಂಡಾರವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಆ ಬುತ್ತಿಯಿಂದಾಗಿ ಎರಡು ಮೂರು ದಿನ ಅದಕ್ಕೆ ಆಹಾರ ಬೇಕಾಗುವುದಿಲ್ಲ. ಮೊದಲು ಹುಟ್ಟಿದ ಮರಿ ಕೊನೆಯ ತಮ್ಮ ತಂಗಿಯರಿಗಾಗಿ ತಾಯಿಯ ರೆಕ್ಕೆಯಡಿ ಕಾಯಲೆಂದು ಪ್ರಕೃತಿ ಮಾಡಿಕೊಟ್ಟ ಏರ್ಪಾಡು ಇದು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಒಂದು ದೊಡ್ಡ ಉದ್ಯಮವೇ ಇದರ ಮೇಲೆ ನಿಂತಿತು.

ನಮ್ಮಲ್ಲಿ ಬರೆದಿಡದಿದ್ದುದನ್ನು ರೋಮನರು ಬರೆದಿಟ್ಟರು. ಕ್ರಿಸ್ತಶಕ ಒಂದನೆಯ ಶತಮಾನದ ಕೊಲುಮೆಲ್ಲಾ ಎಂಬ ಕೃಷಿ ಲೇಖಕನು ತನ್ನ ಗ್ರಂಥದ ಎಂಟನೆಯ ಭಾಗದಲ್ಲಿ ಕೋಳಿಗಳ ವಿಷಯವನ್ನು ವಿವರವಾಗಿ ಹೇಳಿದ್ದಾನೆ. ಕಾವಿಗೆ ಇಡುವ ಮೊಟ್ಟೆಗಳ ಸಂಖ್ಯೆ ಬೆಸವಾಗಿರಬೇಕು. ಚಳಿಯ ಜನವರಿಯಲ್ಲಿ 15, ಮಾರ್ಚಿಯಲ್ಲಿ 19, ಏಪ್ರಿಲಿನಲ್ಲಿ 21. ಒಬ್ಬ ಮನುಷ್ಯನು ನೋಡಿಕೊಳ್ಳಬಹುದಾದ ಕೋಳಿಗಳ ಮಿತಿ 200. ಕುಡಿಯುವ ನೀರಿಗೆ ಹಿಕ್ಕೆ ಬಿದ್ದರೆ ರೋಗ ಬರುತ್ತದೆ. ಹೊರಳಾಡಲು ಒಣ ಬೂದಿ, ಧೂಳು ಇರಬೇಕು. ಸೂಕ್ಷ್ಮಾಣುಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ ಹೇಳಿದ ಈ ಮಾತುಗಳಲ್ಲಿ ಬೆಸ ಸಂಖ್ಯೆಯ ಹಟವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಇಂದಿಗೂ ಸಲ್ಲುತ್ತದೆ.

ಅದೇ ಶತಮಾನದ ಪ್ಲಿನಿ ಇನ್ನೊಂದು ಸ್ವಾರಸ್ಯದ ಸಂಗತಿ ತಿಳಿಸುತ್ತಾನೆ. ಗುಡುಗಿದರೆ ಕಾವಿನಲ್ಲಿರುವ ಮೊಟ್ಟೆ ಕೆಡುತ್ತದೆ, ಅದಕ್ಕೆ ಪರಿಹಾರವಾಗಿ ಗೂಡಿನ ಹುಲ್ಲಿನಡಿ ಕಬ್ಬಿಣದ ಮೊಳೆ ಇಡಬೇಕು ಎಂಬ ನಂಬಿಕೆ ಅಲ್ಲಿತ್ತು. ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ನಮ್ಮ ಅಜ್ಜಿಯೂ ಮಂಕರಿಯಲ್ಲಿ ಬೂದಿ ಹರಡಿ, ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಪಕ್ಕದಲ್ಲಿ ಒಂದು ಕಬ್ಬಿಣದ ಚೂರು ಮತ್ತು ಇದ್ದಿಲು ಇಡುತ್ತಿದ್ದಳು. ಗುಡುಗಿಗೆ ಎಂದೇ ಅವಳ ಉತ್ತರ. ರೋಮಿನ ಗೃಹಿಣಿಗೂ ನಮ್ಮ ಅಜ್ಜಿಗೂ ಒಂದೇ ಭಯ, ಒಂದೇ ಪರಿಹಾರ. ಕಬ್ಬಿಣದಿಂದ ಮೊಟ್ಟೆಗೆ ಪ್ರಯೋಜನವಿಲ್ಲ. ಆದರೆ ಬೂದಿಯಿಂದ ಇದೆ. ಅದು ತೇವವನ್ನು ಹೀರುತ್ತದೆ, ಕಾವು ಕುಳಿತ ಕೋಳಿಯನ್ನು ಪೀಡಿಸುವ ಹೇನನ್ನು ತಡೆಯುತ್ತದೆ. ಹಳೆಯ ಪದ್ಧತಿಯಲ್ಲಿ ನಂಬಿಕೆಯೂ ವಿವೇಕವೂ ಒಂದೇ ಬುಟ್ಟಿಯಲ್ಲಿ ಇರುತ್ತವೆ. ಆರಿಸಿಕೊಳ್ಳುವುದು ನಮ್ಮ ಕೆಲಸ.

ಕಾವನ್ನು ಕೋಳಿಯಿಂದ ಬೇರ್ಪಡಿಸಿದ ಮೊದಲಿಗರಲ್ಲಿ ಈಜಿಪ್ಟಿನವರು ಪ್ರಮುಖರು. ಅಲ್ಲಿ ಮೊಟ್ಟೆಗಳನ್ನು ಗೊಬ್ಬರದ ಶಾಖದಲ್ಲಿ ಮರಿ ಮಾಡಿಸುತ್ತಾರೆಂದು ಅರಿಸ್ಟಾಟಲನೇ ಬರೆದಿದ್ದಾನೆ. ಮುಂದೆ ಅವರು ಹಸಿ ಇಟ್ಟಿಗೆಯ ದೊಡ್ಡ ಒಲೆಮನೆಗಳನ್ನು ಕಟ್ಟಿದರು. ಕೆಳಗೆ ಮೊಟ್ಟೆ, ಮೇಲಿನ ಅಂತಸ್ತಿನಲ್ಲಿ ಒಣ ಸಗಣಿಯ ಮಂದ ಬೆಂಕಿ. ಸಾವಿರಾರು ಮೊಟ್ಟೆಗಳಿಗೆ ಒಟ್ಟಿಗೆ ಕಾವು. ತಾಪಮಾಪಕವಿಲ್ಲದ ಆ ಕುಶಲಕರ್ಮಿಗಳು ಮೊಟ್ಟೆಯನ್ನು ಕಣ್ಣರೆಪ್ಪೆಗೆ ಒತ್ತಿ ಶಾಖವನ್ನು ಅಳೆಯುತ್ತಿದ್ದರು. ಬೇಕಾದ ಶಾಖ ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಒಂದೆರಡು ಡಿಗ್ರಿ ತಪ್ಪಿದರೂ ನಷ್ಟವಾಗುವ ಆ ಲೆಕ್ಕವನ್ನು ಅವರು ಕುಲವಿದ್ಯೆಯಾಗಿ ಕಾಪಾಡಿಕೊಂಡು ಬಂದರು.

ಈ ಒಲೆಗಳ ವರದಿ ಓದಿ ಪ್ರಭಾವಿತನಾದ ಫ್ರಾನ್ಸಿನ ವಿಜ್ಞಾನಿ ರಿಯೋಮ್ಯೂರ್, 1749ರಲ್ಲಿ ಕೃತಕ ಕಾವಿನ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದ. ಮರಿ ಮಾಡಿಸುವುದರಲ್ಲಿ ಅವನು ಗೆದ್ದ. ಆದರೆ ಒಡನೆಯೇ ಇನ್ನೊಂದು ಪ್ರಶ್ನೆ ಎದ್ದಿತು. ತಾಯಿಯಿಲ್ಲದ ಮರಿಗಳನ್ನು ಬೆಚ್ಚಗಿಡುವುದು ಹೇಗೆ? ಅದಕ್ಕಾಗಿ ಅವನು ಕುರಿಯ ತುಪ್ಪಟದ ಒಳಪದರವಿದ್ದ ಪೆಟ್ಟಿಗೆಗಳನ್ನು ಮಾಡಿ ಅವನ್ನು ಕೃತಕ ತಾಯಿಯೆಂದು ಕರೆದ. ಕಾವನ್ನು ಯಂತ್ರಕ್ಕೆ ಕೊಟ್ಟವನು ಮರುದಿನವೇ ಕಾವಲಿಗೆ ಬದಲಿ ಹುಡುಕಬೇಕಾಯಿತು.

1879ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪೆಟಲೂಮಾ ಎಂಬ ಊರಿನಲ್ಲಿ ಲೈಮನ್ ಬೈಸ್ ಎಂಬಾತ ಉಪಯುಕ್ತವಾದ ಕಾವುಪೆಟ್ಟಿಗೆಯನ್ನು ರೂಪಿಸಿದ. ಕೆಲವೇ ದಶಕಗಳಲ್ಲಿ ಆ ಊರು ಮೊಟ್ಟೆಯ ರಾಜಧಾನಿಯೆಂದು ಹೆಸರಾಯಿತು. 1918ರಲ್ಲಿ ಅಮೆರಿಕದ ಅಂಚೆ ಇಲಾಖೆ ಒಂದು ದಿನದ ಮರಿಗಳನ್ನು ಅಂಚೆಯಲ್ಲಿ ಕಳುಹಿಸಲು ಅನುಮತಿ ನೀಡಿತು. ಇದು ಸಾಧ್ಯವಾದದ್ದು ಹೇಗೆ? ನಾನು ಮೊದಲು ಹೇಳಿದ ಆ ಹಳದಿಯ ಬುತ್ತಿಯಿಂದ. ತಮ್ಮ ತಂಗಿಯರಿಗಾಗಿ ಕಾಯಲು ಕೊಟ್ಟ ಎರಡು ದಿನಗಳ ಅವಕಾಶವನ್ನು ಮನುಷ್ಯನು ರೈಲು ಪ್ರಯಾಣಕ್ಕೆ ಬಳಸಿಕೊಂಡ.

ಯಂತ್ರ ಬಂದ ಮೇಲೆ ಕಾವು ಕೂರುವ ಕೋಳಿ ದಂಡವೆನಿಸಿತು. ಇಲ್ಲೊಂದು ಸರಳ ಲೆಕ್ಕ ಮಾಡೋಣ. ನಾಟಿ ಹೇಂಟೆ ಸುಮಾರು 15 ದಿನ ಮೊಟ್ಟೆಯಿಡುತ್ತದೆ, 21 ದಿನ ಕಾವು ಕೂರುತ್ತದೆ, ಅನಂತರ ಎರಡು ತಿಂಗಳಿಗೂ ಮಿಕ್ಕಿ ಮರಿಗಳನ್ನು ಮೇಯಿಸುತ್ತದೆ. ಒಟ್ಟು ಸುಮಾರು 100 ದಿನ. ವರ್ಷಕ್ಕೆ ಮೂರು ಸುತ್ತು. ಸುತ್ತಿಗೆ 12ರಿಂದ 15 ಮೊಟ್ಟೆ. ಅಲ್ಲಿಗೆ 36ರಿಂದ 45 ಆಯಿತು. ನಾಟಿಕೋಳಿ ಕಡಿಮೆ ಮೊಟ್ಟೆಯಿಡುವುದು ಅದರ ಸೋಮಾರಿತನದಿಂದಲ್ಲ. ಉಳಿದ ದಿನಗಳನ್ನೆಲ್ಲ ಅದು ತಾಯ್ತನಕ್ಕೆ ಕೊಡುತ್ತದೆ. ಕಾವು ಕೂರದ ಹೇಂಟೆಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆಯ್ದು ಬೆಳೆಸಿದ ಬಿಳಿ ಲೆಗಾರ್ನ್ ತಳಿ ಇಂದು ವರ್ಷಕ್ಕೆ 300ರ ಆಸುಪಾಸು ಮೊಟ್ಟೆಯಿಡುತ್ತದೆ. ಪಟ್ಟಣದ ಬಡವನಿಗೂ ಕೈಗೆಟಕುವ ಬೆಲೆಗೆ ಮೊಟ್ಟೆ ಸಿಕ್ಕಿದ್ದು ಇದರಿಂದಲೇ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಆ ಕೋಳಿಗೆ ತನ್ನ ಸಂತಾನವನ್ನು ತಾನೇ ಮುಂದುವರಿಸುವ ಶಕ್ತಿ ಉಳಿಯಲಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನು ಕಾವಲಿನ ವಿಷಯ. ಗಿಡುಗ, ಮುಂಗುಸಿ, ಕಾಡುಬೆಕ್ಕುಗಳಿಂದ ತಾಯಿ ಮರಿಯನ್ನು ಕಾಯಬಲ್ಲದು. ಕಣ್ಣಿಗೆ ಕಾಣದ ಶತ್ರುವಿನಿಂದ ಕಾಯಲಾರದು. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯಲ್ಲಿಯೂ ಕೋಳಿಗಳನ್ನು ಗುಂಪುಗುಂಪಾಗಿ ಕೊಲ್ಲುವ ಹೊಸ ರೋಗವೊಂದು ಕಾಣಿಸಿತು. ಅದೇ ದಶಕ ಮುಗಿಯುವುದರೊಳಗೆ ಹಿಮಾಲಯದ ತಪ್ಪಲಿನ ಕುಮಾವೂ ಪ್ರದೇಶದ ರಾಣಿಖೇತ್‌ನಲ್ಲಿ ಅದು ಗುರುತಿಸಲ್ಪಟ್ಟಿತು. ಜಗತ್ತು ಅದನ್ನು ನ್ಯೂಕ್ಯಾಸಲ್ ರೋಗವೆಂದರೆ ಭಾರತದಲ್ಲಿ ಅದು ರಾಣಿಖೇತ್ ರೋಗವಾಯಿತು. ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗ. ಹಸಿರು ಮಿಶ್ರಿತ ಭೇದಿ, ಬಾಯಿ ತೆರೆದು ಏದುಸಿರು, ಕತ್ತು ತಿರುಚುವುದು. ಎರಡು ಮೂರು ದಿನಗಳಲ್ಲಿ ಗೂಡು ಬರಿದು. ಒಂದು ಬೇಸಿಗೆಯಲ್ಲಿ ಊರಿನ ಕೋಳಿಗಳೆಲ್ಲ ಇಲ್ಲವಾದ ನೆನಪು ನನ್ನ ವಯಸ್ಸಿನ ಅನೇಕರಿಗೆ ಇರಬಹುದು. ಗಂಡಸರಿಗೆ ಅದು ದೊಡ್ಡ ನಷ್ಟವೆನಿಸುತ್ತಿರಲಿಲ್ಲ. ಮಕ್ಕಳ ಪುಸ್ತಕಕ್ಕೆ, ಬಳೆಗೆ, ಜಾತ್ರೆಯ ಖರ್ಚಿಗೆ ಯಾರನ್ನೂ ಕೇಳದೆ ತೆಗೆಯಬಹುದಾಗಿದ್ದ ಹಣ ಅದೊಂದೇ ಆಗಿದ್ದ ಹೆಂಗಸರಿಗೆ ಮಾತ್ರ ನಷ್ಟದ ಅಳತೆ ಗೊತ್ತಿತ್ತು.

ರಾಣಿಖೇತ್‌ಗೆ ಹತ್ತಿರದ ಮುಕ್ತೇಶ್ವರದಲ್ಲಿ 1893ರಿಂದ ಪಶುವೈದ್ಯ ಸಂಶೋಧನಾಲಯವಿತ್ತು. ಅಲ್ಲಿ 1940ರ ದಶಕದ ಆರಂಭದಲ್ಲಿ, ಮೊಟ್ಟೆಯೊಳಗಿನ ಭ್ರೂಣದಲ್ಲಿ ಮತ್ತೆ ಮತ್ತೆ ಬೆಳೆಸಿ ಶಕ್ತಿಗುಂದಿಸಿದ ವೈರಾಣುವಿನಿಂದ ಲಸಿಕೆ ತಯಾರಾಯಿತು. ಕಾವಿಗಿಟ್ಟ ಮೊಟ್ಟೆಯಲ್ಲಿ ವೈರಾಣು ಬೆಳೆಸಬಹುದೆಂದು 1931ರಲ್ಲಿ ಅಮೆರಿಕದ ಗುಡ್‌ಪಾಶ್ಚರ್ ಮತ್ತು ಅವರ ಸಂಗಡಿಗರು ಕೋಳಿಸಿಡುಬಿನ ವೈರಾಣುವಿನ ಮೂಲಕ ತೋರಿಸಿದ್ದರು. ಅದೇ ವಿಧಾನದಿಂದ ಮನುಷ್ಯರ ಫ್ಲೂ ಲಸಿಕೆಯೂ ಬಂದಿತು. ಇನ್ನೂ ಹಿಂದಕ್ಕೆ ಹೋದರೆ, 1880ರ ಸುಮಾರಿಗೆ ಪಾಶ್ಚರನು ಪ್ರಯೋಗಾಲಯದಲ್ಲಿ ರೋಗಾಣುವಿನ ಶಕ್ತಿ ಕುಂದಿಸಿ ಮಾಡಿದ ಮೊದಲ ಲಸಿಕೆಯೂ ಕೋಳಿಯ ಕಾಲರಾಕ್ಕೆ ಸಂಬಂಧಿಸಿದ್ದೇ. ಮನುಷ್ಯನ ಆರೋಗ್ಯದ ಚರಿತ್ರೆಯಲ್ಲಿ ಕೋಳಿಮೊಟ್ಟೆಯ ಋಣ ದೊಡ್ಡದು.

ಲಸಿಕೆಯೇನೋ ಬಂದಿತು, ಆದರೆ ಅದು ಹಿತ್ತಲಿಗೆ ಬಂದು ಮುಟ್ಟುವುದು ಕಷ್ಟವಾಯಿತು. ಮೊಟ್ಟೆಗೆ ಕಾವು ಜೀವ. ಲಸಿಕೆಗೆ ಕಾವೇ ಮೃತ್ಯು. ಅದನ್ನು ಶೀತಪೆಟ್ಟಿಗೆಯಲ್ಲಿ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಸೀಸೆಯಲ್ಲಿ ನೂರು, ಇನ್ನೂರು ಕೋಳಿಗಳಿಗಾಗುವಷ್ಟು ಇರುತ್ತದೆ, ಮನೆಯಲ್ಲಿರುವುದು ಹತ್ತು. ದೊಡ್ಡ ಫಾರಂಗೆ ಸುಲಭವಾದದ್ದು ಬಡವಿಗೆ ದುಬಾರಿಯಾಯಿತು. ಈ ತೊಡಕನ್ನು ಮನಗಂಡ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ಮತ್ತು ಅವರ ಸಹೋದ್ಯೋಗಿಗಳು, ಶಾಖವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ ಐ-2 ಎಂಬ ಲಸಿಕೆಯನ್ನು ರೂಪಿಸಿ, ಅದರ ಮೂಲಬೀಜವನ್ನು ಬಡರಾಷ್ಟ್ರಗಳಿಗೆ ಉಚಿತವಾಗಿ ದೊರೆಯುವಂತೆ ಮಾಡಿದರು. ಮೊಜಾಂಬಿಕ್, ತಾಂಜಾನಿಯಾ ಮುಂತಾದ ದೇಶಗಳಲ್ಲಿ ಹಳ್ಳಿಯವರೇ ಕಣ್ಣಿಗೆ ಒಂದು ಹನಿ ಹಾಕಿ ತಮ್ಮ ಕೋಳಿಗಳನ್ನು ಉಳಿಸಿಕೊಂಡರು.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ಕೋಳಿ, ಹಿತ್ತಲಲ್ಲಿ ಮೇದು ಬದುಕಬಲ್ಲ, ನಾಟಿಗಿಂತ ಹೆಚ್ಚು ಮೊಟ್ಟೆ ಮತ್ತು ಮಾಂಸ ಕೊಡುವ ತಳಿ. ಆದರೆ ಅದು ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಅದರ ಮೊಟ್ಟೆಯನ್ನು ಮರಿ ಮಾಡಿಸಬೇಕಾದರೆ ಯಂತ್ರಕ್ಕೆ ಹೋಗಬೇಕು, ಇಲ್ಲವೇ ನಾಟಿ ಹೇಂಟೆಯ ಕೆಳಗೆ ಇಡಬೇಕು. ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಳಿಗೆ ಊರಿನ ಅನಾಮಿಕ ಹೇಂಟೆಯೇ ಸಾಕುತಾಯಿಯಾಗುತ್ತದೆ. ನಾಟಿ ತಳಿಯನ್ನು ಉಳಿಸಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ವಾದ ಬೇಡ.

ಈ ಚರಿತ್ರೆಯಿಂದ ಸಾಕುವವರು ತಿಳಿಯಬೇಕಾದ ಕೆಲವು ವಿಷಯಗಳನ್ನು ಹೇಳುತ್ತೇನೆ. ಕಾವಿಗೆ ಒಂದು ವಾರಕ್ಕಿಂತ ಹಳೆಯದಲ್ಲದ, ಬಿರುಕಿಲ್ಲದ, ತೊಳೆಯದ ಮೊಟ್ಟೆಗಳನ್ನು ಆರಿಸಿರಿ. ನಾಟಿ ಹೇಂಟೆಗೆ ಹತ್ತು ಹನ್ನೆರಡು ಸಾಕು. ಮಬ್ಬುಗತ್ತಲಿನ, ಇಲಿ ಹಾವುಗಳು ಬಾರದ ಮೂಲೆಯಲ್ಲಿ ಕೂರಿಸಿರಿ. ಏಳನೆಯ ರಾತ್ರಿ ದೀಪದ ಬೆಳಕಿಗೆ ಮೊಟ್ಟೆ ಹಿಡಿದು ನೋಡಿದರೆ ಜೀವವಿರುವುದರಲ್ಲಿ ಜೇಡನ ಬಲೆಯಂತೆ ರಕ್ತನಾಳಗಳು ಕಾಣುತ್ತವೆ, ಬರಿದಾದವನ್ನು ತೆಗೆದುಬಿಡಿ. ಕೊನೆಯ ಮೂರು ದಿನ ಗೂಡಿಗೆ ಕೈ ಹಾಕಬೇಡಿ. ಮರಿ ತಡಮಾಡಿತೆಂದು ಚಿಪ್ಪು ಬಿಡಿಸಹೋದರೆ ರಕ್ತಸ್ರಾವವಾಗಿ ಅದು ಸಾಯಬಹುದು. ಕಾಯುವುದೇ ಅಲ್ಲಿ ಸಹಾಯ.

ಮರಿಯಾದ ಮೇಲೆ ನೆಲ ಒಣಗಿರಲಿ. ಒದ್ದೆ ನೆಲದಲ್ಲಿ ರಕ್ತಭೇದಿ ತರುವ ಪರೋಪಜೀವಿ ಬೆಳೆಯುತ್ತದೆ. ಮೊದಲ ವಾರದಲ್ಲಿ ರಾಣಿಖೇತ್ ಲಸಿಕೆಯ ಹನಿ, ಎರಡು ತಿಂಗಳ ಸುಮಾರಿಗೆ ಚುಚ್ಚುಮದ್ದು, ಜೊತೆಗೆ ಸಿಡುಬಿನ ಲಸಿಕೆ. ದಿನಗಳ ಲೆಕ್ಕವನ್ನು ನಿಮ್ಮ ಪಶುವೈದ್ಯರಲ್ಲಿ ಕೇಳಿಕೊಳ್ಳಿರಿ. ನಾಲ್ಕಾರು ಮನೆಯವರು ಒಂದುಗೂಡಿ ಒಂದೇ ದಿನ ಹಾಕಿಸಿದರೆ ಸೀಸೆ ವ್ಯರ್ಥವಾಗುವುದಿಲ್ಲ, ಊರಿಗೆ ಊರೇ ರಕ್ಷಣೆ ಪಡೆಯುತ್ತದೆ. ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆಯಾಗಿ ಇಡಿ. ರೋಗ ಸಾಮಾನ್ಯವಾಗಿ ಒಂದು ಹೊಸ ಕೋಳಿಯ ಕಾಲಿನ ಮೇಲೆಯೇ ನಡೆದು ಬರುತ್ತದೆ. ಕಾಯಿಲೆ ಬಂತೆಂದು ಗಾಬರಿಯಿಂದ ಉಳಿದವನ್ನು ಸಂತೆಗೆ ಒಯ್ದರೆ, ನಮ್ಮ ನಷ್ಟವನ್ನು ಹತ್ತು ಊರಿಗೆ ಹಂಚಿದಂತೆ. ಸತ್ತದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು.

2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಪತ್ತೆಯಾಯಿತು. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ. ಇಂಥ ಸಂದರ್ಭಗಳಲ್ಲಿ ಸುತ್ತಲಿನ ಹಿತ್ತಲ ಕೋಳಿಗಳನ್ನೂ ನಾಶಮಾಡುತ್ತಾರೆ. ಅಸಹಜ ಸಾವು ಕಂಡರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸುವುದು ಕೋಳಿಗಷ್ಟೇ ಅಲ್ಲ, ಮನೆಯವರಿಗೂ ಕ್ಷೇಮ.

ಇಷ್ಟೆಲ್ಲ ಆಗಿಯೂ ಹಿತ್ತಲ ಕೋಳಿ ಅಳಿದಿಲ್ಲ. 2019ರ ಜಾನುವಾರು ಗಣತಿಯಂತೆ ದೇಶದ ಸುಮಾರು 85 ಕೋಟಿ ಸಾಕುಹಕ್ಕಿಗಳಲ್ಲಿ 31.7 ಕೋಟಿ ಹಿತ್ತಲಿನವು. ಹಿಂದಿನ ಗಣತಿಗಿಂತ ಇದು ಸುಮಾರು 46 ಪ್ರತಿಶತ ಹೆಚ್ಚು. ಫಾರಂಗಳ ಬೆಳವಣಿಗೆ ಅದೇ ಅವಧಿಯಲ್ಲಿ 5 ಪ್ರತಿಶತವನ್ನೂ ಮುಟ್ಟಲಿಲ್ಲ. ಆದರೆ ಸಂಖ್ಯೆ ಬೆಳೆದಂತೆ ವಿದ್ಯೆಯೂ ಬೆಳೆಯುತ್ತದೆಂಬ ಭರವಸೆಯಿಲ್ಲ. ಗೂಡಿನ ಬೂದಿಯನ್ನು ಯಾವಾಗ ಬದಲಿಸಬೇಕು, ಯಾವ ಹೇಂಟೆ ಮರಿಯನ್ನು ತುಳಿಯುತ್ತದೆ, ಯಾವುದು ಗಿಡುಗನಿಗೆ ಎದುರು ನಿಲ್ಲುತ್ತದೆ ಎಂಬುದನ್ನು ಬಲ್ಲ ಹಿರಿಯಳು ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ, ಅವಳ ಬಳಿ ಕುಳಿತು ಕೇಳಿ ಬರೆದಿಟ್ಟುಕೊಳ್ಳಿರಿ. ಕಬ್ಬಿಣದ ಚೂರಿನ ಕಥೆಯನ್ನೂ ಬಿಡಬೇಡಿ. ಲಸಿಕೆಯ ದಿನಾಂಕವನ್ನು ಅದೇ ಪುಸ್ತಕದ ಮುಂದಿನ ಪುಟದಲ್ಲಿ ಬರೆಯಿರಿ.